ಪದಚರ್ಚೆ: ಪರದೆಯ ‘ಮನೆ’, ಮೆಮೊರಿಯ ‘ಮನೆ’ – ಎರಡಕ್ಕೂ ಒಂದೇ ಪದ ಸಾಕೇ?

ಮಿತ್ರರಿಗೆ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. 1980ರ ದಶಕದ ಪುಟ್ಟ ಕಂಪ್ಯೂಟರ್‌ಗಳಲ್ಲಿ ಸರಳ ಆಟಗಳನ್ನು ಹೇಗೆ ಕಟ್ಟುತ್ತಿದ್ದರು, ಇಂದೂ ಹೇಗೆ ಕಟ್ಟಬಹುದು ಎಂಬುದು ಅದರ ವಿಷಯ. ಆ ಯಂತ್ರಗಳನ್ನು ಅನುಕರಿಸುವ ತಂತ್ರಾಂಶಗಳು ಈಗ ಯಾವ ಲ್ಯಾಪ್‌ಟಾಪಿನಲ್ಲಾದರೂ ಓಡುವುದರಿಂದ ಮಕ್ಕಳು ಓದುತ್ತಲೇ ಮಾಡಿ ನೋಡಬಹುದು. ಬೈಟ್ (ಮೆಮೊರಿಯ ಪುಟ್ಟ ಅಳತೆ), ಮೆಮೊರಿ, ಬೇಸಿಕ್ (ಆ ಯಂತ್ರಗಳಿಗೆ ಆದೇಶ ಬರೆಯುವ ಭಾಷೆ) ಇವುಗಳನ್ನು ಇದ್ದಂತೆಯೇ ಇಟ್ಟುಕೊಂಡಿದ್ದೇನೆ. ಅವುಗಳ ಬಗ್ಗೆ ತಕರಾರಿಲ್ಲ. ತೊಡಕು ಬಂದಿರುವುದು ‘ಮನೆ’ ಎಂಬ ನಮ್ಮದೇ ಪದದಲ್ಲಿ.

ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆ 1981ರಲ್ಲಿ ತಂದ ಝಡ್‌ಎಕ್ಸ್81 ಯಂತ್ರದ ಪರದೆಯಲ್ಲಿ 24 ಸಾಲು, ಸಾಲಿಗೆ 32 ಅಕ್ಷರ. ಒಟ್ಟು 768 ಜಾಗ. ಒಂದೊಂದು ಜಾಗದಲ್ಲಿ ಒಂದು ಅಕ್ಷರ ಅಥವಾ ಒಂದು ಕಪ್ಪು ತುಂಡು ಮಾತ್ರ ಕೂರುತ್ತದೆ. ಈ ಜಾಗವನ್ನು ಏನೆಂದು ಕರೆಯಬೇಕು? ‘ಚೌಕ’ ಎಂದರೆ ಆಕಾರವಷ್ಟೇ ಆಯಿತು. ‘ಕೋಶ’ ಎಂದರೆ ಮಕ್ಕಳಿಗೆ ಜೀವಶಾಸ್ತ್ರದ ಪಾಠ ನೆನಪಾಗುತ್ತದೆ. ಚದುರಂಗದಲ್ಲಿ, ಚೌಕಾಬಾರದಲ್ಲಿ ನಾವು ಹೇಳುವುದು ‘ಮನೆ’. ಕಾಯಿ ಮನೆಯಲ್ಲಿ ಕೂರುತ್ತದೆ, ಮನೆ ಬಿಟ್ಟು ಏಳುತ್ತದೆ, ಮುಂದಿನ ಮನೆಗೆ ನಡೆಯುತ್ತದೆ, ಅಲ್ಲಿ ಎದುರಾಳಿಯ ಕಾಯಿ ಇದ್ದರೆ ಕಡಿಯುತ್ತದೆ. ಜಾತಕದಲ್ಲೂ ‘ಏಳನೆಯ ಮನೆಯಲ್ಲಿ ಗುರು’ ಎನ್ನುತ್ತೇವೆ. ಗುರುತು ಹಾಕಿದ ಒಂದು ಜಾಗ, ಅದರಲ್ಲಿ ಈಗ ಯಾರು ಇದ್ದಾರೆ ಎಂಬ ಪ್ರಶ್ನೆ – ಈ ಎರಡನ್ನೂ ‘ಮನೆ’ ಒಟ್ಟಿಗೇ ಹೇಳುತ್ತದೆ. ಇಂಥ ಆಟ ಕಟ್ಟುವವರಿಗೆ ಬೇಕಾದದ್ದೂ ಅಷ್ಟೇ. ಹಾಗಾಗಿ ಪರದೆಗೆ ‘ಮನೆ’ ಎಂದೇ ಬರೆದೆ.

ಮೆಮೊರಿಯ ಅಧ್ಯಾಯಕ್ಕೆ ಬಂದಾಗ ಅದೇ ಪದ ಮತ್ತೆ ಕೈಗೆ ಬಂತು. ಮೆಮೊರಿಯ ಪ್ರತಿ ಬೈಟಿಗೂ ಒಂದು ಸಂಖ್ಯೆಯ ಗುರುತು ಇರುತ್ತದೆ. ಅದಕ್ಕೆ ‘ವಿಳಾಸ’ ಎಂಬ ಮಾತು ಕನ್ನಡದಲ್ಲಿ ಆಗಲೇ ನೆಲೆಯೂರಿದೆ. ವಿಳಾಸ ಇದ್ದ ಮೇಲೆ ಅಲ್ಲಿರುವುದು ಮನೆಯಲ್ಲದೆ ಇನ್ನೇನು? ಬರೆಯುವಾಗ ಸಹಜವಾಗಿಯೇ ಬಂದ ಆ ಬಳಕೆಯನ್ನು ಹಾಗೆಯೇ ಬಿಡಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಝಡ್‌ಎಕ್ಸ್81ರ ಮಟ್ಟಿಗೆ ಬಿಡಬಹುದು ಎನ್ನಿಸುತ್ತದೆ. ಆ ಯಂತ್ರದಲ್ಲಿ ಪರದೆಯ ಒಂದು ಮನೆ ಎಂದರೆ ಮೆಮೊರಿಯ ಒಂದು ಬೈಟ್. ಯಂತ್ರದಲ್ಲಿದ್ದ ಒಟ್ಟು ಮೆಮೊರಿ ಒಂದು ಕಿಲೋಬೈಟ್, ಅಂದರೆ 1024 ಬೈಟ್. ಯಂತ್ರದ ಸ್ವಂತ ಲೆಕ್ಕಪತ್ರಕ್ಕೆ 125 ಬೈಟ್ ಹೋಗುತ್ತದೆ. ಪರದೆಯನ್ನು ಪೂರ್ತಿ ತುಂಬಿದರೆ ಸಾಲುಗಳ ಕೊನೆಯ ಗುರುತುಗಳೂ ಸೇರಿ 793 ಬೈಟ್ ಬೇಕು. ಮಿಕ್ಕ 106ರಲ್ಲಿ ಯಾವ ಆಟ ಹಿಡಿಸೀತು? ಅದಕ್ಕೇ ಮೆಮೊರಿ ಕಡಿಮೆ ಇದ್ದಾಗ ಆ ಯಂತ್ರ ಖಾಲಿ ಪರದೆಗೆ ಬರೀ 25 ಗುರುತುಗಳನ್ನು ಇಟ್ಟುಕೊಳ್ಳುತ್ತದೆ, ಬರೆದ ಸಾಲು ಮಾತ್ರ ಹಿಗ್ಗುತ್ತದೆ. ಆಟ ಕಟ್ಟುವವರು ಕೆಲವೇ ಸಾಲುಗಳಲ್ಲಿ ಆಟ ಮುಗಿಸುತ್ತಿದ್ದರು. ಆಟದ ಹಾಸನ್ನು ನೆನಪಿಡಲು ಬೇರೆ ಪಟ್ಟಿಯನ್ನೂ ಇಡುತ್ತಿರಲಿಲ್ಲ, ಏಕೆಂದರೆ ಸಂಖ್ಯೆಗಳ ಪಟ್ಟಿಯಲ್ಲಿ ಒಂದೊಂದಕ್ಕೂ 5 ಬೈಟ್ ಬೇಕು. ಚದುರಂಗದ 64 ಮನೆಗೆ 320 ಬೈಟ್ ಅಲ್ಲೇ ಖರ್ಚು. ಬದಲಿಗೆ ಪರದೆಯನ್ನೇ ಪಟ್ಟಿಯಾಗಿ ಬಳಸುತ್ತಿದ್ದರು. ಮುಂದಿನ ಮನೆಯಲ್ಲಿ ಗೋಡೆ ಇದೆಯೇ, ಶತ್ರು ಇದೆಯೇ ಎಂದು ತಿಳಿಯಲು ಪರದೆಯ ಆ ಬೈಟನ್ನೇ ಇಣುಕಿ ನೋಡಿದರೆ ಸಾಕು. ಬೇಸಿಕ್‌ನ ‘ಪೀಕ್’ ಆದೇಶಕ್ಕೆ ‘ಇಣುಕು’ ಎಂಬುದಕ್ಕಿಂತ ಒಳ್ಳೆಯ ಪದ ನನಗೆ ಹೊಳೆದಿಲ್ಲ. ಈ ಯಂತ್ರದ ಬಗ್ಗೆ ಬರೆಯುವಾಗ ‘ಮನೆಯಲ್ಲಿ ಇಣುಕು’ ಎಂದರೆ ಯಾವ ಮನೆ ಎಂದು ಕೇಳಬೇಕಾಗಿಯೇ ಇಲ್ಲ.

ಇಷ್ಟು ಇಕ್ಕಟ್ಟಿನಲ್ಲೇ ಡೇವಿಡ್ ಹಾರ್ನ್ ಎಂಬವರು 672 ಬೈಟುಗಳಲ್ಲಿ ಚದುರಂಗ ಬರೆದರು. ಕೋಟೆ ಕಟ್ಟುವ ನಡೆಯೂ ಕಾಲಾಳಿನ ಬಡ್ತಿಯೂ ಅದರಲ್ಲಿಲ್ಲ, ಆದರೆ ಯಂತ್ರ ಎದುರು ಕುಳಿತು ಆಡುತ್ತದೆ. ಅದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಬೆರಗಾಗುತ್ತದೆ.

ಝಡ್‌ಎಕ್ಸ್81 ಬಂದ ಮುಂದಿನ ವರ್ಷವೇ, 1982ರಲ್ಲಿ, ಸಿಂಕ್ಲೇರ್ ಸಂಸ್ಥೆಯದೇ ಸ್ಪೆಕ್ಟ್ರಮ್ ಯಂತ್ರ ಬಂದಾಗ ಈ ಹೊಂದಾಣಿಕೆ ಮುರಿಯುತ್ತದೆ. ಅಲ್ಲೂ 768 ಮನೆಗಳೇ. ಆದರೆ ಒಂದು ಮನೆಯ ಚಿತ್ರಕ್ಕೆ 8 ಬೈಟ್, ಬಣ್ಣಕ್ಕೆ 1 ಬೈಟ್. ಒಟ್ಟು 6912. ಚಿತ್ರದ ಎಂಟು ಬೈಟುಗಳು ಅಕ್ಕಪಕ್ಕದಲ್ಲೂ ಇಲ್ಲ, ಮೆಮೊರಿಯಲ್ಲಿ ದೂರದೂರ ಹರಡಿಕೊಂಡಿವೆ. ಈಗ ಪರದೆಯ ಒಂದು ಮನೆ ಎಂದರೆ ಮೆಮೊರಿಯ ಒಂಬತ್ತು ಮನೆ ಎಂದು ಬರೆಯಬೇಕಾಗುತ್ತದೆ. ಈ ವಾಕ್ಯವನ್ನು ಹನ್ನೆರಡು ವರ್ಷದ ಮಗುವಿನ ಮುಂದೆ ಇಡಲು ನನಗೆ ಮನಸ್ಸಿಲ್ಲ.

ಹೀಗಾಗಿ ಮೆಮೊರಿಗೆ ಬೇರೆ ಪದ ಹುಡುಕುತ್ತಿದ್ದೇನೆ. ನನ್ನ ಒಲವು ‘ಗುಳಿ’ಯ ಕಡೆಗೆ. ಅಳಗುಳಿಮಣೆಯ ಗುಳಿಯಲ್ಲಿ ಯಾರು ಕುಳಿತಿದ್ದಾರೆ ಎಂಬ ಪ್ರಶ್ನೆಯಿಲ್ಲ, ಎಷ್ಟು ಕಾಳಿದೆ ಎಂಬುದೇ ಪ್ರಶ್ನೆ. ಬೈಟಿನದೂ ಅದೇ ಸ್ವಭಾವ: ಸೊನ್ನೆಯಿಂದ 255ರವರೆಗಿನ ಒಂದು ಎಣಿಕೆ. ‘ಗುಳಿಯಲ್ಲಿ ಇಣುಕು’, ‘ಗುಳಿಗೆ ಹಾಕು’ ಎಂಬ ಮಾತುಗಳು ಬಾಯಿಗೂ ಹಗುರ. ಆದರೆ ಅಳಗುಳಿಮಣೆ ಆಡದ ಮಕ್ಕಳಿಗೆ ಗುಳಿ ಎಂದರೆ ಕೆನ್ನೆಯ ಗುಳಿ ಮಾತ್ರ ಆದೀತೇ ಎಂಬ ಅಳುಕಿದೆ. ‘ಗೂಡು’ ಎಂದೂ ಯೋಚಿಸಿದೆ. ಗೋಡೆಯ ಗೂಡಿನಲ್ಲಿ ಏನನ್ನಾದರೂ ಇಟ್ಟು ತೆಗೆಯಬಹುದು, ಆದರೆ ಎಣಿಕೆಯ ಧ್ವನಿ ಅದರಲ್ಲಿಲ್ಲ.

ಸ್ಪೆಕ್ಟ್ರಮ್‌ನ ಮನೆಯಲ್ಲಿ ಒಮ್ಮೆಗೆ ಎರಡೇ ಬಣ್ಣ ಇರಬಹುದು. ಹಳದಿ ಕಾಯಿಯೊಂದು ಹಸಿರು ಗಿಡವಿರುವ ಮನೆಗೆ ಕಾಲಿಟ್ಟರೆ ಆ ಮನೆಯಷ್ಟು ಗಿಡವೂ ಹಳದಿಯಾಗುತ್ತದೆ. ಇದಕ್ಕೆ ‘ಬಣ್ಣದ ಘರ್ಷಣೆ’ ಎಂಬ ಅನುವಾದ ನನಗೆ ಒಗ್ಗಲಿಲ್ಲ. ಒಗೆಯುವಾಗ ಒಂದು ಬಟ್ಟೆಯದು ಇನ್ನೊಂದಕ್ಕೆ ತಗುಲಿದರೆ ‘ಬಣ್ಣ ಹತ್ತಿತು’ ಎನ್ನುತ್ತೇವಲ್ಲ, ಹಾಗೆ ‘ಬಣ್ಣ ಹತ್ತುವುದು’ ಎಂದೇ ಬರೆದಿದ್ದೇನೆ. ಇದನ್ನು ಬದಲಿಸುವ ಇಚ್ಛೆ ನನಗಿಲ್ಲ. ಇನ್ನು ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಕಮಡೋರ್ 64ರ ‘ಸ್ಪ್ರೈಟ್’, ಅಂದರೆ ಪರದೆಯ ಮೇಲೆ ಓಡಾಡುವ ಪುಟ್ಟ ಚಿತ್ರ: 24 ಚುಕ್ಕೆ ಅಗಲ, 21 ಎತ್ತರ, 63 ಬೈಟ್. ಅದು ಮನೆಗಳ ಹಂಗಿಲ್ಲದೆ, ಹಿಂದಿನ ಚಿತ್ರವನ್ನು ಅಳಿಸದೆ ತೇಲುತ್ತದೆ. ಮನೆಯಲ್ಲಿ ಕೂರದ್ದನ್ನು ‘ಕಾಯಿ’ ಎನ್ನುವಂತಿಲ್ಲ, ‘ಗೊಂಬೆ’ ಸರಿಹೋದೀತು.

ಇನ್ನೊಂದು ಪದ ‘ಉಳಿಸು’. ಆಟವನ್ನು ಕ್ಯಾಸೆಟ್ಟಿಗೆ ಬರೆದಿಡುವುದೂ ಉಳಿಸುವುದೇ, ಬೈಟುಗಳನ್ನು ಖರ್ಚಾಗದಂತೆ ನೋಡಿಕೊಳ್ಳುವುದೂ ಉಳಿಸುವುದೇ. ಝಡ್‌ಎಕ್ಸ್81ರ ಬೇಸಿಕ್‌ನಲ್ಲಿ ಸೊನ್ನೆ ಎಂದು ಬರೆದರೆ 7 ಬೈಟ್ ಬೇಕು: ಅಂಕಿಗೆ ಒಂದು, ಇದು ಸಂಖ್ಯೆ ಎಂಬ ಗುರುತಿಗೆ ಒಂದು, ಒಳಗಿನ ಲೆಕ್ಕದ ರೂಪಕ್ಕೆ ಐದು. ಅದರ ಬದಲು ‘ನಾಟ್ ಪೈ’ ಎಂದು ಬರೆದರೆ ಬೆಲೆ ಸೊನ್ನೆಯೇ (ಸೊನ್ನೆಯಲ್ಲದ ಸಂಖ್ಯೆಯನ್ನು ‘ನಾಟ್’ ಸೊನ್ನೆ ಮಾಡುತ್ತದೆ), ಖರ್ಚು ಪದಕ್ಕೊಂದರಂತೆ 2 ಬೈಟ್ ಮಾತ್ರ. ಈ ಕೆಲಸಕ್ಕೆ ‘ಮಿಗಿಸು’ ಎಂದು ಬಳಸಿ, ‘ಉಳಿಸು’ವನ್ನು ಕ್ಯಾಸೆಟ್ಟಿಗೆ ಬಿಡಬಹುದಲ್ಲವೇ? ಆಗ ವಿಐಸಿ-20 ಎಂಬ ಕಂಪ್ಯೂಟರನ್ನು ಚಾಲೂ ಮಾಡಿದೊಡನೆ ಅದು ತೋರಿಸುವ 3583 ಖಾಲಿ ಬೈಟುಗಳು ‘ಮಿಕ್ಕ ಬೈಟು’ಗಳಾಗುತ್ತವೆ. ‘ಮಿಗಿಸು’ ಈಗಲೂ ಮಾತಿನಲ್ಲಿ ಬಳಕೆಯಲ್ಲಿದೆಯೇ, ಯಾವ ಕಡೆ ಎಂದು ತಿಳಿಯಬೇಕಾಗಿದೆ.

ಭಾರತದ ಶಾಲೆಗಳಲ್ಲಿ 1984–85ರಲ್ಲಿ ಆರಂಭವಾದ, ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸುವ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದಿದ್ದವು. ಅವುಗಳ ಮುಂದೆ ಕುಳಿತು ಕಲಿತವರು, ಕಲಿಸಿದವರು ಇಲ್ಲಿದ್ದರೆ ಒಂದು ಕೋರಿಕೆ: ಪಾಠ ಕನ್ನಡದಲ್ಲಿ ನಡೆದಿದ್ದರೆ, ಪರದೆಯ ಜಾಗಕ್ಕೆ, ಮೆಮೊರಿಯ ಜಾಗಕ್ಕೆ ಆಗ ಬಾಯಲ್ಲಿ ಬರುತ್ತಿದ್ದ ಪದಗಳು ಯಾವುವು? ಹಾಗೆಯೇ ಚೌಕಾಬಾರದ ಮನೆಗೆ, ಅಳಗುಳಿಯ ಗುಳಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದ್ದರೆ, ಊರಿನ ಹೆಸರಿನೊಂದಿಗೆ ಬರೆದು ತಿಳಿಸಿ.