‘ಟಕ್’ ಮತ್ತು ‘ಟಕಟಕ’: ಸ್ಟಾರ್ಟ್ ಆಗದ ಕಾರಿನ ಸದ್ದಿಗೆ ನಿಮ್ಮ ಕಡೆ ಏನನ್ನುತ್ತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಪುಣೆ, ಪಿಂಪ್ರಿ-ಚಿಂಚ್‌ವಾಡದಲ್ಲಿ ಕಾರು, ಟೆಂಪೊ ಓಡಿಸುವ ನಮ್ಮ ಕನ್ನಡದ ಹುಡುಗರಿಗಾಗಿ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಕೀಲಿ ತಿರುಗಿಸಿದರೂ ಗಾಡಿ ಸ್ಟಾರ್ಟ್ ಆಗದಿದ್ದಾಗ ಏನು ನೋಡಬೇಕು, ಮೆಕ್ಯಾನಿಕ್‌ಗೆ ಫೋನಿನಲ್ಲಿ ಏನು ಹೇಳಬೇಕು ಅನ್ನೋದು ಅದರಲ್ಲಿದೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲ ತೊಡಕು ‘ಸ್ಟಾರ್ಟ್ ಆಗ್ತಿಲ್ಲ’ ಅನ್ನುವ ಮಾತಿನದೇ. ವಿಜಯಪುರದ ಕಡೆಯವರು ‘ಗಾಡಿ ಚಾಲೂ ಆಗವಲ್ದು’ ಅನ್ನುತ್ತಾರೆ. ಹೇಗೆ ಹೇಳಿದರೂ ಅದರಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಸದ್ದೇ ಬರದಿರಬಹುದು. ಸದ್ದು ಬಂದರೂ ಎಂಜಿನ್ ಅಲುಗದಿರಬಹುದು. ಅಥವಾ ಎಂಜಿನ್ ಗರಗರ ತಿರುಗಿದರೂ ಸ್ಟಾರ್ಟ್ ಆಗದಿರಬಹುದು. ಚೆನ್ನಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ಬೈದು ಉಪಯೋಗವಿಲ್ಲ. ಎಂಜಿನ್ನಿಗೆ ಪೆಟ್ರೋಲೋ ಡೀಸೆಲ್ಲೋ ಬರುತ್ತಿದೆಯಾ, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಇದೆಯಾ ಅಂತ ನೋಡಬೇಕು. ಇದಕ್ಕೆ ‘ತಿರುಗುತ್ತದೆ, ಹೊತ್ತಿಕೊಳ್ಳಲ್ಲ’ ಎಂದು ಬರೆದಿದ್ದೇನೆ. ‘ಹೊತ್ತಿಕೊಳ್ಳು’ ಅಂದರೆ ಓದುವವರಿಗೆ ಗಾಡಿಗೇ ಬೆಂಕಿ ಬಿದ್ದ ಹಾಗೆ ಕೇಳಿಸುತ್ತದೆಯೇ? ‘ಎಂಜಿನ್ ಹಿಡಿಯಲ್ಲ’ ಅನ್ನಬಹುದು. ಆದರೆ ‘ಹಿಡಿದುಕೊಂಡಿದೆ’ ಅಂದರೆ ಜಾಮ್ ಆಗಿದೆ ಅಂತಲೂ ಅರ್ಥ, ಅಲ್ವಾ?

ಇನ್ನು ಸದ್ದಿನ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ‘ಪಟ್ ಅಂತ ಮುರಿಯಿತು’, ‘ಪಟಪಟ ಉದುರಿತು’ ಅನ್ನುತ್ತೇವೆ. ಒಂದೇ ಸಲವೋ, ಮೇಲಿಂದ ಮೇಲೋ ಅನ್ನೋದನ್ನು ಕನ್ನಡ ಪದದಲ್ಲೇ ಹೇಳಿಬಿಡುತ್ತದೆ. ಕಾರಿನಲ್ಲೂ ಬೇಕಾಗಿರುವುದು ಅದೇ ವ್ಯತ್ಯಾಸ. ಕೀಲಿ ತಿರುಗಿಸಿದಾಗ ಮೊದಲು ಸೊಲೆನಾಯ್ಡ್ (ಕರೆಂಟು ಬಂದಾಗ ಅಯಸ್ಕಾಂತದಂತೆ ಎಳೆಯುವ ಸ್ವಿಚ್ಚು) ಎಳೆದುಕೊಂಡು, ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್‌ಗೆ ಸಂಪರ್ಕ ಕೊಡುತ್ತದೆ. ಆ ಮೋಟರ್ ನೂರು ಆಂಪಿಯರ್‌ಗಿಂತ ಜಾಸ್ತಿ ಕರೆಂಟು ಎಳೆಯುತ್ತದೆ. ಬ್ಯಾಟರಿ ಇಳಿದಿದ್ದರೆ ಅಲ್ಲೇ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಹಿಡಿತ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ, ಮತ್ತೆ ಬಿಡುತ್ತದೆ. ಅದು ‘ಟಕಟಕ’. ಮೊದಲ ಅನುಮಾನ ಬ್ಯಾಟರಿ ಅಥವಾ ಅದರ ಟರ್ಮಿನಲ್ (ವೈರ್ ಸಿಕ್ಕಿಸುವ ತುದಿ) ಮೇಲೆ.

ಒಂದೇ ಒಂದು ‘ಟಕ್’ ಬಂದು ಸುಮ್ಮನಾದರೆ ಕಥೆ ಬೇರೆ. ಸೊಲೆನಾಯ್ಡ್ ಎಳೆದುಕೊಂಡಿದೆ, ಮೋಟರ್ ತಿರುಗಿಲ್ಲ. ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟರಿನೊಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿರಬಹುದು. ಆಗ ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ ನೋಡಬೇಕು. ಬೆಳಕು ಹಾಗೇ ಇದ್ದರೆ ಅನುಮಾನ ಸ್ಟಾರ್ಟರ್ ಮೇಲೆ. ತೀರಾ ಮಂಕಾದರೆ ಮೊದಲು ಬ್ಯಾಟರಿ, ಟರ್ಮಿನಲ್, ಬ್ಯಾಟರಿಯಿಂದ ಗಾಡಿಯ ಬಾಡಿಗೆ ಹೋಗುವ ಅರ್ಥ್ ವೈರ್ ನೋಡಬೇಕು. ಮಳೆಗಾಲದಲ್ಲಿ ಗಾಡಿ ನೀರಿನಲ್ಲಿ ನಿಂತಿದ್ದು ಹೀಗೆ ‘ಟಕ್’ ಅಂದರೆ ಮತ್ತೆ ಮತ್ತೆ ಪ್ರಯತ್ನಿಸಲೇಬಾರದು. ಸಿಲಿಂಡರ್ ಒಳಗೆ ನೀರು ಹೋಗಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಈ ಸಾಲನ್ನು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಫೋನಿನಲ್ಲಿ ಸುಮ್ನೆ ‘ಏನೋ ಸೌಂಡ್ ಬರ್ತಿದೆ’ ಅಂದರೆ ಇದ್ಯಾವುದೂ ತಿಳಿಯುವುದಿಲ್ಲ. ‘ಟಕಟಕ ಅಂತಿದೆ’ ಅಂದರೆ ಮೆಕ್ಯಾನಿಕ್ ಬೇರೆ ಬ್ಯಾಟರಿಯಿಂದ ಕರೆಂಟು ಕೊಡುವ ಜಂಪರ್ ಕೇಬಲ್ ಹಿಡಿದುಕೊಂಡೇ ಬರುತ್ತಾನೆ.

‘ಸೆಲ್ಫ್’ ಪದವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಹಿಂದೆ ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಬೇಕಿತ್ತು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಕರೆಂಟಿನ ಸ್ಟಾರ್ಟರ್ ಬಂತು. ತಾನೇ ಸ್ಟಾರ್ಟ್ ಆಗುವುದರಿಂದ ಅದು ಸೆಲ್ಫ್ ಸ್ಟಾರ್ಟರ್. ಗ್ಯಾರೇಜಿನಲ್ಲಿ ‘ಸೆಲ್ಫ್’ ಅಷ್ಟೇ ಉಳಿಯಿತು. ಇಲ್ಲಿನ ಹಿಂದಿಯಲ್ಲಿ ‘ಸೆಲ್ಫ್ ಮಾರ್’, ನಮ್ಮವರ ಬಾಯಲ್ಲಿ ‘ಸೆಲ್ಫ್ ಹೊಡಿ’. ಇದಕ್ಕೆ ಹೊಸ ಕನ್ನಡ ಪದ ಕಟ್ಟಿದರೆ ಯಾರೂ ಬಳಸುವುದಿಲ್ಲ ಅಂತಲೇ ನನ್ನ ನಂಬಿಕೆ.

ಬ್ಯಾಟರಿಗೆ ಮಾತ್ರ ಎರಡು ಮಾತು ಬೇಕೇ ಬೇಕು. ಮರಾಠಿಯವರು ‘ಬ್ಯಾಟರಿ ಉತರಲಿ’ ಅನ್ನುತ್ತಾರೆ, ನಾವು ‘ಇಳಿದಿದೆ’ ಅನ್ನಬಹುದು. ಚಾರ್ಜ್ ಪೂರ್ತಿ ಇದ್ದಾಗ 12.6 ವೋಲ್ಟ್ ಆಸುಪಾಸು ತೋರಿಸುವ ಬ್ಯಾಟರಿ 12ಕ್ಕಿಂತ ಕೆಳಗಿದ್ದರೆ ಅದು ಇಳಿದಿದೆ. ಚಾರ್ಜ್ ಮಾಡಿದರೆ ಸಾಕಾಗಬಹುದು. ಚಾರ್ಜ್ ಮಾಡಿದರೂ ನಿಲ್ಲದಿದ್ದರೆ ‘ಹೋಗಿದೆ’. ಎರಡಕ್ಕೂ ‘ಡೌನ್’ ಅಂದರೆ ಬಡ ಡ್ರೈವರ್ ಸುಮ್ಮನೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುತ್ತಾನೆ. ನನಗೆ ಸಂಕಟ ಆಗುವುದು ಇಲ್ಲೇ.

ಕೆಲವು ಸಲ ಬ್ಯಾಟರಿಯೂ ಸರಿ ಇರುತ್ತದೆ. ಟರ್ಮಿನಲ್ ಮೇಲೆ ಬೆಳ್ಳಗೆ, ಹಸಿರು-ನೀಲಿಯಾಗಿ ಪುಡಿ ಕಟ್ಟಿ ಕರೆಂಟು ದಾಟದಂತೆ ಮಾಡಿರುತ್ತದೆ. ಕರಿ ವೈರನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿದರೆ ಹೋಗುತ್ತದೆ. ಇದನ್ನು ಎಲ್ಲರೂ ‘ತುಕ್ಕು’ ಎಂದೇ ಕರೆಯುತ್ತಾರೆ. ತುಕ್ಕು ಕಬ್ಬಿಣದ್ದು. ತಾಮ್ರದ ಚೊಂಬಿಗೆ ಹಿಡಿಯುವ ಹಸಿರಿಗೆ ನಮ್ಮಲ್ಲಿ ‘ಕಿಲುಬು’ ಇದೆಯಲ್ಲ, ಅದನ್ನೇ ಇಲ್ಲಿ ಬಳಸಿದರೆ ತಪ್ಪೇ? ಇಂದಿನ ಹುಡುಗರಿಗೆ ‘ಕಿಲುಬು’ ಗೊತ್ತಿದೆಯೇ?

ಉತ್ತರಿಸುವಾಗ ನಿಮ್ಮ ಊರಿನ ಕಡೆಯ ಮಾತನ್ನೇ ಹೇಳಿ, ಜಿಲ್ಲೆಯನ್ನೂ ಬರೆಯಿರಿ. ಕಲಬುರಗಿ, ಬೆಳಗಾವಿ ಕಡೆಯವರು ಟಕಟಕಕ್ಕೆ ‘ಕಟಕಟ’ ಅನ್ನುತ್ತಾರೆಯೇ ಅನ್ನೋದನ್ನು ಮುಖ್ಯವಾಗಿ ತಿಳಿಸಿ. ಈ ಟಿಪ್ಪಣಿ ಓದುವವರಲ್ಲಿ ಆ ಕಡೆಯವರೇ ಜಾಸ್ತಿ.