ಟ್ರಸ್ ರಾಡ್‌ಗೆ ಕನ್ನಡದಲ್ಲಿ ಏನೆನ್ನಬೇಕು? ತುರ್ತು, ಸಂಜೆ ಅಚ್ಚಿಗೆ ಹೋಗಬೇಕು

ಉಪ್ಪಳದಿಂದ (ಕೇರಳದ ಕಾಸರಗೋಡು ಜಿಲ್ಲೆ), ಬೆಳಗ್ಗೆ 8.40

ಎಲ್ಲರಿಗೂ ನಮಸ್ಕಾರ.

ಇಲ್ಲಿನ ಯುವಕಮಂಡಲದ ಅಭ್ಯಾಸದ ಕೋಣೆಗೆ ಒಂದು ಗೋಡೆಪಟ್ಟಿ ಆಗಬೇಕು. ಮಳೆಗಾಲದಲ್ಲಿ ಬೇಸ್ ಗಿಟಾರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಸೂಚನೆ, ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. ಮಲಯಾಳದ ಬದಿಯವರು ಎಲ್ಲ ಪದವನ್ನೂ ಇಂಗ್ಲಿಷಿನಲ್ಲೇ ಇಟ್ಟು ಕೈತೊಳೆದುಕೊಂಡಿದ್ದಾರೆ. ನಮ್ಮ ಬದಿ ಅರ್ಧಕ್ಕೆ ನಿಂತಿದೆ. ಫ್ಲೆಕ್ಸಿನವರಿಗೆ 5 ಗಂಟೆಯೊಳಗೆ ಕೊಡಬೇಕು.

ತಂತಿ, ಶ್ರುತಿ, ಬಿರಡೆ, ಮೀಟು, ಇಷ್ಟಕ್ಕೆ ತೊಂದರೆ ಇಲ್ಲ. ಸಿಕ್ಕಿಕೊಂಡಿರುವುದು ಟ್ರಸ್ ರಾಡಿನಲ್ಲಿ. ನೆಕ್ಕಿನ (ಗಿಟಾರಿನ ಉದ್ದ ಕತ್ತಿನ) ಮರದೊಳಗೆ ಉದ್ದಕ್ಕೆ ಹುಗಿದಿಟ್ಟ ಉಕ್ಕಿನ ಸರಳು ಅದು. ತುದಿಯ ನಟ್ಟನ್ನು ಎಲ್ ಕೀಯಿಂದ ತಿರುಗಿಸಿದರೆ ನೆಕ್ಕಿನ ಬಾಗು ಹೆಚ್ಚುಕಡಿಮೆ ಆಗುತ್ತದೆ. ಅದರ ಬೆನ್ನಿಗೇ ರಿಲೀಫ್ ಎಂಬ ಪದ: ತಂತಿ ಅಲುಗಾಡಲು ಜಾಗ ಇರಲಿ ಎಂದು ಬೇಕೆಂದೇ ಬಿಡುವ ಬಾಗು, ಮರ ಸೊಟ್ಟಗಾದದ್ದಲ್ಲ. ಇನ್ನು ತಂತಿ ಫ್ರೆಟ್ಟಿಗೆ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ತಾಗಿ ಬರುವ ಬಝ್. ಸದ್ಯದ ಕರಡು ಹೀಗಿದೆ:

"ಕಂಬಿಯನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಾಗು ಹೆಚ್ಚಿದ್ದರೆ ಕಂಬಿ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ."

ಫ್ರೆಟ್, ಬ್ರಿಜ್ (ಒಡಲಿನ ಮೇಲೆ ತಂತಿಗಳನ್ನು ಹೊರುವ ಆಧಾರ), ಸ್ಯಾಡಲ್ (ಬ್ರಿಜ್ಜಿನಲ್ಲಿ ಒಂದೊಂದು ತಂತಿಯೂ ಕೂರುವ ಸಣ್ಣ ತುಂಡು) ಇವಕ್ಕೂ ಒಳ್ಳೆಯ ಪದ ಇದ್ದರೆ ಹೇಳಿ. ಓದುವವರು ಹತ್ತನೇ ಕ್ಲಾಸು, ಪ್ಲಸ್ ಟೂ ಮಕ್ಕಳು.

ಬದಿಯಡ್ಕದಿಂದ, 9.05

ಕಂಬಿ ಸರಿಯಾಗಿಯೇ ಉಂಟು. ಕಿಟೆಲರ 1894ರ ನಿಘಂಟಿನಿಂದ ಇವತ್ತಿನ ಜೈಲಿನವರೆಗೆ ಕಂಬಿ ಎಂದರೆ ಕಂಬಿಯೇ. ಇದಕ್ಕೆ ಚರ್ಚೆ ಎಂತಕ್ಕೆ?

ಪೆರ್ಲದಿಂದ, 9.30

ಮಾಷ್ಟ್ರೇ, ಕಂಬಿ ಆಗಲಿಕ್ಕಿಲ್ಲ. ಮೈಸೂರಿನ ಗೋಡೆಗಾದರೆ ಆದೀತು, ಉಪ್ಪಳದ ಗೋಡೆಗೆ ಆಗದು. ನಮ್ಮ ಮಕ್ಕಳ ಕಿವಿಗೆ ದಿನಾ ಬೀಳುವ ಮಲಯಾಳದಲ್ಲಿ ಕಂಬಿ ಎಂದರೆ ತಂತಿ. "ಬಾಗು ಹೆಚ್ಚಿದ್ದರೆ ಕಂಬಿ ಬಿಗಿ ಮಾಡಿ" ಎಂದು ಓದಿದವನು ಬಿರಡೆ ತಿರುಗಿಸಿ ತಂತಿಯನ್ನೇ ಬಿಗಿದರೆ ಏನಾಗುತ್ತದೆ ನೋಡಿ. ತಂತಿಯ ಎಳೆತ ನೆಕ್ಕನ್ನು ಮುಂದಕ್ಕೆ ಬಾಗಿಸುತ್ತದೆ, ಸರಳಿನ ಬಿಗಿ ಅದನ್ನು ಹಿಂದಕ್ಕೆ ತರುತ್ತದೆ. ಒಂದೇ ವಾಕ್ಯ, ಫಲ ತದ್ವಿರುದ್ಧ. ತಂತಿಯ ಉದ್ದ 34 ಇಂಚಿರುವ ಬೇಸಿಗೆ 45ರಿಂದ 105ರ (ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) ಮಾಮೂಲಿ ಸೆಟ್ ಹಾಕಿದರೆ ನಾಲ್ಕು ತಂತಿ ಸೇರಿ 70 ಕಿಲೋ ಮೀರಿದ ಎಳೆತ ಈಗಾಗಲೇ ಆ ಮರದ ಮೇಲಿದೆ. ಅದರ ಮೇಲೆ ಇನ್ನೂ ಬಿಗಿದರೆ ಮೊದಲು ತುಂಡಾಗುವುದು ಸಪೂರದ ಜಿ ತಂತಿ, ಮುಖಕ್ಕೆ ಬಡಿದರೂ ಬಡಿಯಿತು.

ಅದು ಸಾಲದೆಂದು ಈಗಿನ ಮಲಯಾಳದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಪ್ಲಸ್ ಟೂ ಮಕ್ಕಳ ಗೋಡೆಯಲ್ಲಿ ಬೇಡ. ವಿವರಿಸುವುದಿಲ್ಲ.

ಕುಂಬಳೆಯಿಂದ, 10.10

ವೀಣೆಯವರು ತಲೆಮಾರುಗಳಿಂದ ಇಟ್ಟುಕೊಂಡಿರುವ ಪದಗಳು ಕಣ್ಣೆದುರಿಗಿರುವಾಗ ಹೊಸತು ಹುಡುಕುವುದು ಯಾಕೆ? ನೆಕ್ ಅಲ್ಲ, ದಂಡಿ. ಬ್ರಿಜ್ ಅಲ್ಲ, ಕುದುರೆ. ಫ್ರೆಟ್ ಅಲ್ಲ, ಮೆಟ್ಟಿಲು. ಮೆಟ್ಟು ಎಂದರೆ ಒತ್ತುವುದು, ತುಳಿಯುವುದು. ಕಾಲು ಮೆಟ್ಟಿದರೂ ಮೆಟ್ಟಿಲು, ಬೆರಳು ಮೆಟ್ಟಿದರೂ ಮೆಟ್ಟಿಲು. ಕೆಲವರು ಮನೆ ಅನ್ನುತ್ತಾರೆ. ಅದು ಹಾರ್ಮೋನಿಯಮ್ಮಿನ ಲೆಕ್ಕ, ಶ್ರುತಿ ಹೇಳಲಿಕ್ಕೆ ಬಳಸುವುದು. ಇಲ್ಲಿ ಕಲಸಬೇಡಿ.

ಒಂದು ವ್ಯತ್ಯಾಸ ಮಾತ್ರ ಪಟ್ಟಿಯಲ್ಲಿ ಬರಲಿ. ವೀಣೆಯ 24 ಮೆಟ್ಟಿಲು ಮೇಣದಲ್ಲಿ ಕೂತಿರುತ್ತವೆ. ಒಂದು ಏರಿದರೆ ಬಿಸಿ ಮಾಡಿ ಮತ್ತೆ ಕೂರಿಸಬಹುದು. ಗಿಟಾರಿನ ಮೆಟ್ಟಿಲನ್ನು ಮರದ ಸೀಳಿಗೆ ಬಡಿದಿರುತ್ತಾರೆ. ಅದಕ್ಕೆ ಬಿಸಿಬಿಸಿ ಮೇಣದ ಬುದ್ಧಿ ಉಪಯೋಗಿಸಬೇಡಿ.

ಮತ್ತೆ ಝರ್ ಎನ್ನುವುದನ್ನೆಲ್ಲ ದೋಷ ಎನ್ನಬೇಡಿ. ತಂಬೂರಿಗೆ ನೂಲು ಸಿಕ್ಕಿಸಿ ಆ ಝೇಂಕಾರವನ್ನು ನಾವೇ ಬರಿಸುತ್ತೇವೆ, ಅದಕ್ಕೆ ಜೀವಾಳ ಎಂದು ಹೆಸರು. ಜೀವ ಇರುವ ನಾದ ಎಂದಲ್ಲವೇ ಅದರ ಅರ್ಥ...

ಪೆರ್ಲದಿಂದ, 10.25

ದಂಡಿ, ಕುದುರೆ, ಮೆಟ್ಟಿಲು ಮೂರೂ ಒಪ್ಪಿದೆ. ಜೀವಾಳ ಇಲ್ಲಿಗೆ ಸಂಬಂಧವಿಲ್ಲ. ಬೇಸಿನಲ್ಲಿ ಅದನ್ನು ಕೇಳಿದವನು ದುಡ್ಡು ವಾಪಸ್ ಕೇಳುತ್ತಾನೆ.

ಬೆಂಗಳೂರಿನಿಂದ, 11.00

ಪದ ಕಟ್ಟುವಾಗ ಹೊರನುಡಿಗೆ ಕೈ ಚಾಚಬೇಕಾಗಿಲ್ಲ, ನಮ್ಮಲ್ಲೇ ಬೇರುಗಳಿವೆ. ಟ್ರಸ್ ರಾಡ್ ಎಂದರೆ ಬಿಗಿಸರಳು. ರಿಲೀಫ್ ಎಂದರೆ ಒಳಬಾಗು, ಅದರ ಎದುರು ಹಿಂಬಾಗು. ಬೇಸ್ ಗಿಟಾರಿಗೆ ತಗ್ಗುದನಿ ಗಿಟಾರ್. ಸ್ಯಾಡಲ್‌ಗೆ ತಡಿ, ಜೀನು ಪಾರಸಿಯದು, ಬೇಡ. ಎಲ್ ಕೀಗೆ ಆರುಮೂಲೆ ಬೀಗದಕೈ. ಚಾವಿ ಪೋರ್ಚುಗೀಸರದು, ಅದನ್ನೂ ಬಿಡಿ.

ಪೆರ್ಲದಿಂದ, 11.50

ಬೆಂಗಳೂರಿನವರ ಒಳಬಾಗು, ಹಿಂಬಾಗು ಚೆನ್ನಾಗಿವೆ. ಅವೆರಡನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ. ತಗ್ಗುದನಿ ಎಂದರೆ ವಾಲ್ಯೂಮ್ ಕಡಿಮೆ ಎಂದೇ ಜನ ಓದುವುದು. ಬಿಗಿಸರಳು ಕೇಳಲಿಕ್ಕೆ ಚಂದ, ಆದರೆ ಬಿಗಿಯುವುದೊಂದೇ ಅದರ ಕೆಲಸ ಎಂಬ ಭಾವನೆ ಬರುತ್ತದೆ. ಈ ಸರಳು ಕೆಡುವುದೇ ಬಿಗಿಯುವಾಗ: ಒಂದೋ ನಟ್ಟಿನ ಹಲ್ಲು ಹೋಗುತ್ತದೆ, ಇಲ್ಲವೇ ಸರಳು ಒಳಗೇ ತುಂಡಾಗುತ್ತದೆ. ಆಮೇಲೆ ಮೆಟ್ಟಿಲು ಬಡಿದ ಬೋರ್ಡು ಕಿತ್ತೇ ಸರಿಮಾಡಬೇಕು, ಖರ್ಚು ಹೊಸ ದಂಡಿಯ ಹತ್ತಿರಕ್ಕೆ ಬರುತ್ತದೆ.

ಪದ ಏನೇ ಆಗಲಿ, ಪಟ್ಟಿಯ ಕ್ರಮ ತಪ್ಪಬಾರದು. ಮೊದಲು ಶ್ರುತಿ: ಇ, ಎ, ಡಿ, ಜಿ ಸರಿಯಾಗಿ ಕೂರಿಸಿದ ಮೇಲೆಯೇ ಅಳತೆ. ತಂತಿ ಸಡಿಲ ಇಟ್ಟು ಅಳೆದರೆ ಆ ಅಳತೆ ಯಾವ ಲೆಕ್ಕಕ್ಕೂ ಇಲ್ಲ. ಆಮೇಲೆ ಇ ತಂತಿಯನ್ನು ಮೊದಲನೇ ಮೆಟ್ಟಿಲಲ್ಲಿ ಕೇಪೋ (ತಂತಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಇನ್ನೊಂದು ತುದಿಯಲ್ಲಿ ದಂಡಿ ಒಡಲಿಗೆ ಸೇರುವಲ್ಲಿ ಬೆರಳಿನಿಂದ ಒತ್ತಿ ಹಿಡಿಯಿರಿ. ಈಗ ತಂತಿಯೇ ಅಳತೆಪಟ್ಟಿ. 7 ಅಥವಾ 8ನೇ ಮೆಟ್ಟಿಲ ತಲೆಗೂ ತಂತಿಯ ಅಡಿಗೂ ನಡುವೆ 0.3ರಿಂದ 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ, ಟ್ಯಾಪೆಟ್ ನೋಡುವವರು ಬಳಸುವುದು ಅದನ್ನೇ. ಅದೂ ಇಲ್ಲದಿದ್ದರೆ ದಪ್ಪದ ವಿಸಿಟಿಂಗ್ ಕಾರ್ಡು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಜಾಗ ಹೆಚ್ಚಿದ್ದರೆ ಬಿಗಿ, ಇಲ್ಲವೇ ಇಲ್ಲ ಎಂದಾದರೆ ಸಡಿಲ. ಕೀ ಇಳಿಸುವ ಬದಿಯಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕು ಬಿಗಿ. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ, ಮತ್ತೆ ಅಳತೆ. ಮರ ಪೂರ್ತಿ ಕೂರಲು ರಾತ್ರಿ ಕಳೆಯಬೇಕು. ಎಲ್ ಕೀ 4 ಮಿ.ಮೀ. ಇರಬಹುದು, 5 ಇರಬಹುದು, ಅಮೆರಿಕದ ಮಾದರಿಯಲ್ಲಿ 3/16 ಇಂಚು ಇರಬಹುದು. 3/16 ಎಂದರೆ 4.76 ಮಿ.ಮೀ.; ಅದರಲ್ಲಿ 4ರ ಕೀ ಸುಮ್ಮನೆ ತಿರುಗಿ ಮೂಲೆ ತೇಯುತ್ತದೆ. "ಹೋಗ್ತದೆ" ಎನ್ನುವ ಕೀ ಬೇಡ, ಅಲ್ಲಾಡದೆ ಕೂರುವ ಕೀ ಬೇಕು.

ಝರ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಕೇಳಿಯೇ ಹೇಳಬಹುದು. ಮೊದಲ ಐದು ಮೆಟ್ಟಿಲಲ್ಲಿ ಬಂದರೆ ದಂಡಿ ತೀರಾ ನೆಟ್ಟಗಿದೆ ಅಥವಾ ಹಿಂಬಾಗಿದೆ. 12ರಿಂದ ಮೇಲೆ ಬಂದರೆ ಸ್ಯಾಡಲ್ ತಗ್ಗಿದೆ, ಸರಳನ್ನು ಮುಟ್ಟಲೇಬೇಡಿ. ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ಬಿರಡೆಯ ಕಡೆ ತಂತಿ ಕೂರುವ ಮೇಲಿನ ಪಟ್ಟಿಯ (ಅದಕ್ಕೂ ನಟ್ ಎಂದೇ ಹೆಸರು, ಸರಳಿನ ನಟ್ಟಲ್ಲ) ಗೀರು ಆಳವಾಗಿದೆ. ಒಂದೇ ಮೆಟ್ಟಿಲಲ್ಲಿ ಬಂದರೆ ಅದರ ಮುಂದಿನದು ಎದ್ದಿದೆ. ಆಂಪ್‌ಗೆ ಹಾಕಿದಾಗ ಕೇಳದಿದ್ದರೆ ಬಿಟ್ಟುಬಿಡಿ.

ಮಳೆಗಾಲದಲ್ಲಿ ದಂಡಿ ಇಂಥ ಕಡೆಗೇ ಬಾಗುತ್ತದೆ ಎಂದು ಪಟ್ಟಿಯಲ್ಲಿ ಬರೆಯಬೇಡಿ. ಬೋರ್ಡಿನ ಮರ, ದಂಡಿಯ ಮರ ಹಿಗ್ಗುವುದು ಬೇರೆ ಬೇರೆ ಪ್ರಮಾಣದಲ್ಲಿ. ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಮೊದಲು) ಒಮ್ಮೆ, ದೀಪಾವಳಿಗೆ ಒಮ್ಮೆ ಅಳೆಯಿರಿ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಕುಂಬಳೆಯಿಂದ, 12.15

ಬೇಸ್ ಎಂಬುದಕ್ಕೆ ಮಂದ್ರ ಎನ್ನುವವರು ಇನ್ನೂ ಬಂದಿಲ್ಲ, ಬರುವ ಮೊದಲೇ ಹೇಳಿಬಿಡುತ್ತೇನೆ. ಮಂದ್ರ ಷಡ್ಜಕ್ಕೆ ಸಂಬಂಧಪಟ್ಟದ್ದು. ಬಿಳಿ ಒಂದರಲ್ಲಿ (ಹಾರ್ಮೋನಿಯಮ್ಮಿನ ಮೊದಲ ಬಿಳಿ ಮನೆ, ಸಿ ಸ್ವರ) ಹಾಡುವ ಗಂಡಸಿನ ಮಂದ್ರ ಷಡ್ಜ 65 ಹರ್ಟ್ಸ್ ಹತ್ತಿರ. ಬೇಸಿನ ಬಿಟ್ಟ ಇ ತಂತಿ 41. ಅದು ಮಂದ್ರಕ್ಕೂ ಕೆಳಗಿನ ಅನುಮಂದ್ರ. ಅನುಮಂದ್ರ ಗಿಟಾರ್ ಎಂದು ಗೋಡೆಗೆ ಬರೆಯುವ ಧೈರ್ಯ ಇದ್ದರೆ ಬರೆಯಿರಿ.

ಬದಿಯಡ್ಕದಿಂದ, 12.40

ಕಂಬಿಯನ್ನು ಬಿಟ್ಟುಕೊಟ್ಟೆ, ಅದೂ ಮಕ್ಕಳ ಮುಖ ನೋಡಿ. ಸರಳು ಆಗಲಿ. ಆದರೆ ಯಾರಾದರೂ ಸಮಾಸ ಮಾಡಿ "ದಂಡಿಸರಳು" ಎಂದು ಬರೆದೀರಿ, ಜೋಕೆ. ದೂರದಿಂದ "ದಂಡಿಸಲು" ಎಂದೇ ಕಾಣುತ್ತದೆ. ದಂಡಿಯ ಸರಳು ಎಂದು ಬಿಡಿಸಿ ಬರೆಯಿರಿ.

ಜೀನು ಬೇಡ ಎಂಬ ಮಾತಿಗೆ ನನ್ನ ಸಹಮತ ಉಂಟು. ತಡಿ ಇರುವಾಗ ಪಾರಸಿ ಯಾಕೆ?

ಉಪ್ಪಳದಿಂದ, 1.05

ಮಾಷ್ಟ್ರೇ, ಕಡಲ ತಡಿಯ ಊರಲ್ಲಿ ತಡಿ ಎಂದರೆ ದಡ. "ತಡಿಯನ್ನು ಹಿಂದಕ್ಕೆ ಸರಿಸಿ" ಎಂದರೆ ಉಪ್ಪಳದವರು ಕಡಲ್ಕೊರೆತದ ಸುದ್ದಿ ಎಂದುಕೊಳ್ಳುತ್ತಾರೆ. ಕುದುರೆ ಆಗಲೇ ಬಂದಿದೆ, ಅದರ ಮೇಲೆ ಜೀನು ತಾನಾಗಿ ಕೂರುತ್ತದೆ. ಹೇಳಿಕೊಡುವ ಅಗತ್ಯವೇ ಇಲ್ಲ.

ಬೆಂಗಳೂರಿನಿಂದ, 1.30

ಹೀಗೆ ಒಂದೊಂದಕ್ಕೂ ಊರಿನ ನೆಪ ಹೇಳುತ್ತಾ ಹೋದರೆ ಕನ್ನಡದಲ್ಲಿ ಕನ್ನಡ ಉಳಿಯುವುದಿಲ್ಲ. ಗಡಿಯಲ್ಲಿರುವವರೇ ಹೆಚ್ಚು ಎಚ್ಚರ ಇರಬೇಕು.

ಬದಿಯಡ್ಕದಿಂದ, 1.42

ಗಡಿಯವರಿಗೆ ಎಚ್ಚರ ಕಲಿಸಲು ಬರಬೇಡಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಎಚ್ಚರವಾಗಿಯೇ ಇದ್ದೇವೆ. ಮಲಯಾಳದ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು ಇದೇ ಕನ್ನಡ ಎಂದು ನಿಲ್ಲಿಸಿದ ಫಲಕಗಳನ್ನು ದಿನಾ ಓದುವವರು ನಾವು. ನಿಮ್ಮಲ್ಲಿ ಅಂಗಡಿಯ ಹೆಸರೇ ಇಂಗ್ಲಿಷು. ಜೀನಿನ ಬಗ್ಗೆ ಮಾತ್ರ ನೀವು ಹೇಳಿದ್ದು ಸರಿ.

ಪೆರ್ಲದಿಂದ, 2.10

ಕಡ ತಂದ ಪದ ಎಂದು ಹೊರಗೆ ಹಾಕುವುದಾದರೆ ಯಕ್ಷಗಾನದ ಹಾರ್ಮೋನಿಯಮ್ಮನ್ನೂ ಹೊರಗೆ ಹಾಕಬೇಕಾಗುತ್ತದೆ, ಅದು 1840ರ ದಶಕದ ಪ್ಯಾರಿಸ್ಸಿನದು. ಸಾಬೂನು, ಇಸ್ತ್ರಿ, ಬಟಾಟೆ ಬಳಸುತ್ತಾ ಚಾವಿಯ ಮೇಲೆ ಸಿಟ್ಟು ಯಾಕೆ? ಗ್ಯಾರೇಜಿನಲ್ಲಿ ಎಲ್ ಕೀ ಎಂದೇ ಕೇಳುವುದು. ಆರುಮೂಲೆ ಬೀಗದಕೈ ಕೇಳಿದರೆ ಹುಡುಗ ಬೀಗ ರಿಪೇರಿಯವನ ಕಡೆ ಕೈ ತೋರಿಸುತ್ತಾನೆ.

ಕೆಲಸದ ಮಾತು ಒಂದು ಬಿಟ್ಟುಹೋಯಿತು. ಶಬ್ದಕ್ಕೆ ಎರಡು ಪದ ಬೇಕು, ಒಂದಲ್ಲ. ತಂತಿ ಮೆಟ್ಟಿಲಿಗೆ ತಾಗುವುದು ಝರ್. ಕರೆಂಟಿನಿಂದ ಬರುವ ಹಮ್ಮಿಗೆ ಗುಂಯ್ ಎನ್ನಿ. ನಮ್ಮ ಕರೆಂಟು 50 ಹರ್ಟ್ಸ್, ಇ ತಂತಿಯ ಮೂರನೇ ಮೆಟ್ಟಿಲಿನ ಜಿ ಸ್ವರ 49. ಎರಡೂ ಅಷ್ಟು ಹತ್ತಿರ ಇರುವುದರಿಂದ ಕಲಿಯುವವರು ಗುಂಯ್ ಅನ್ನೇ ತಂತಿಯ ತೊಂದರೆ ಎಂದು ತಿಳಿದು ಸರಳು ತಿರುಗಿಸಲು ಹೊರಡುತ್ತಾರೆ. ಗುರುತು ಸುಲಭ: ತಂತಿಗಳನ್ನು ಅಂಗೈಯಿಂದ ಮುಚ್ಚಿ. ಝರ್ ಆದರೆ ಪೂರ್ತಿ ನಿಲ್ಲುತ್ತದೆ. ಗುಂಯ್ ಸ್ವಲ್ಪ ಕಡಿಮೆಯಾಗಬಹುದು, ನಿಲ್ಲುವುದಿಲ್ಲ. ಗಿಟಾರ್ ಹಿಡಿದು ತಿರುಗಿ ನಿಂತರೆ ಹೆಚ್ಚುಕಡಿಮೆ ಆಗುತ್ತದೆ. ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದು ಅರ್ತಿಂಗ್ ಇಲ್ಲದ ಪ್ಲಗ್ಗಿನ ದೋಷ. ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಬರುವವರೆಗೆ ಮೈಕಿಗೆ ಬಾಯಿ ತಾಗಿಸಬೇಡಿ. ಗುಂಡಿ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಹಾಕಿ ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದರೆ ಸಾಕು. ತುಕ್ಕು ಬಿಡಿಸುವ ಎಣ್ಣೆಯನ್ನು ಅಲ್ಲಿಗೆ ಹಾಕಬಾರದು.

ಆ ಎಣ್ಣೆಗೆ ಜಾಗ ಬೇರೆ ಇದೆ. ಕಡಲಗಾಳಿಗೆ ಜೀನಿನ ಸಣ್ಣ ಸ್ಕ್ರೂಗಳು ಜಾಮ್ ಆಗುತ್ತವೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ಮುಟ್ಟಿಸಿ ರಾತ್ರಿ ಬಿಡಿ, ಬೆಳಗ್ಗೆ 1.5ರ ಕೀ ಹಾಕಿ. ಒಣಗಿದ ಸ್ಕ್ರೂವಿನ ಮೇಲೆ ಬಲ ಪ್ರಯೋಗಿಸಿದರೆ ತಲೆ ಸವೆಯುತ್ತದೆ, ಆಮೇಲೆ ಕೊರೆದೇ ತೆಗೆಯಬೇಕು.

ಉಪ್ಪಳದಿಂದ, 4.20

ಅಚ್ಚಿಗೆ ಹೋಗುವುದು ಹೀಗೆ:

"ಮೊದಲು ಶ್ರುತಿ ಮಾಡಿ. ಒಳಬಾಗು ಅಳೆಯಿರಿ: 7ನೇ ಮೆಟ್ಟಿಲಲ್ಲಿ 0.3ರಿಂದ 0.4 ಮಿ.ಮೀ. ಹೆಚ್ಚಿದ್ದರೆ ದಂಡಿಯ ಸರಳನ್ನು ಎಲ್ ಕೀಯಿಂದ ಬಲಕ್ಕೆ, ಕಡಿಮೆ ಇದ್ದರೆ ಎಡಕ್ಕೆ, ಒಂದು ದಿನಕ್ಕೆ ಕಾಲು ಸುತ್ತು ಮಾತ್ರ. ಕೀ ತಿರುಗದೆ ನಿಂತರೆ ಬಲ ಹಾಕಬೇಡಿ. ಆಮೇಲೆ ಜೀನಿನ ಎತ್ತರ: 12ನೇ ಮೆಟ್ಟಿಲಲ್ಲಿ ಇ ತಂತಿಗೆ 2.5 ಮಿ.ಮೀ., ಜಿ ತಂತಿಗೆ 2. ಕೊನೆಗೆ 12ನೇ ಮೆಟ್ಟಿಲಲ್ಲಿ ಒತ್ತಿದ ಸ್ವರವನ್ನೂ ಅಲ್ಲೇ ತಂತಿಯನ್ನು ಒತ್ತದೆ ಹಗುರ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕನ್ನೂ ಟ್ಯೂನರಿನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಜೀನು ಹಿಂದಕ್ಕೆ, ಇಳಿದಿದ್ದರೆ ದಂಡಿಯ ಕಡೆಗೆ. ಬಾರಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಅಡಿಯಿಂದಲೂ ಒರೆಸಿ. ಪತ್ತನಾಜೆಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಮತ್ತೆ ಅಳೆಯಿರಿ."

ತಲೆಬರಹ ಬೇಸ್ ಗಿಟಾರ್ ಎಂದೇ ಇದೆ.

ಬದಿಯಡ್ಕದಿಂದ, 4.31

ಜೀನು ತೆಗೆಯಿರಿ.

ಬೆಂಗಳೂರಿನಿಂದ, 4.33

ಹಾರ್ಮೋನಿಕ್ ಎಂದು ಹಾಗೇ ಬಿಟ್ಟಿದ್ದೀರಿ. ಸೊಗಸು!

ಪೆರ್ಲದಿಂದ, 4.40

ಫ್ಲೆಕ್ಸಿಗೆ ಹೋಗಿಲ್ಲವಾದರೆ ಒಂದು ಸಾಲು ಸೇರಿಸಿ: ಆಕ್ಟಿವ್ (ಒಳಗೆ ಬ್ಯಾಟರಿ ಇರುವ) ಬೇಸಾದರೆ ಬಾರಿಸಿದ ಮೇಲೆ ಕೇಬಲ್ ಪಿನ್ನನ್ನು ಗಿಟಾರಿನಿಂದ ಕಳಚಿಡಬೇಕು. ಪಿನ್ ಒಳಗಿದ್ದಷ್ಟು ಹೊತ್ತೂ ಆಂಪ್ ಆಫ್ ಇದ್ದರೂ 9 ವೋಲ್ಟಿನ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಎಂದಾದರೆ ಬ್ಯಾಟರಿಯನ್ನೇ ತೆಗೆದಿಡಿ, ಸೋರಿದರೆ ಕ್ಲಿಪ್ಪು ಹಸಿರುಗಟ್ಟುತ್ತದೆ.