ಲಕ್ಕುಂಡಿ ಬೋರ್ಡಿಗೆ: ಲೇತ್ ಕಂಬವೋ, ತಿರುಗಣಿ ಕಂಬವೋ?

> ಗದಗ ಹತ್ತಿರದ ಲಕ್ಕುಂಡಿಯ ನನ್ನೇಶ್ವರ ಗುಡಿಯ ಕಂಬಗಳಿಗೆ ಒಂದು ಬೋರ್ಡು ಬರೆಸಬೇಕು. ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು. ‘ಲೇತ್ ಕಂಬ’ ಅಂದ್ರೆ ನಡೆಯುತ್ತಾ?

ನಡೆಯಲ್ಲ. ಲೇತ್ ಅಂದರೆ ವಸ್ತುವನ್ನು ತಿರುಗಿಸುತ್ತಾ ರೂಪ ಕೊಡುವ ಯಂತ್ರ. ‘ತಿರುಗಿಸಿ ಕಡೆದ ಕಂಬಗಳು’ ಅಂತ ಬರೆಸಿ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು.

ಮಜ್ಜಿಗೆ ಕಡೆಯುತ್ತೇವಲ್ಲ, ಅದೇ ‘ಕಡೆ’. ಕಡೆಗೋಲು ಹುಟ್ಟಿದ್ದೂ ಅದರಿಂದಲೇ. ತಮಿಳರು ಲೇತ್ ಕೆಲಸಕ್ಕೆ ಇವತ್ತಿಗೂ ‘ಕಡೈಸಲ್’ ಅಂತಾರೆ. ಕೆತ್ತು, ಕೊರೆ, ಕಂಡರಿಸು ಎಲ್ಲ ಉಳಿಯ ಕೆಲಸ. ಸುತ್ತಿಸಿ ರೂಪ ಕೊಡುವುದು ಅವುಗಳಲ್ಲಿ ಬರುವುದೇ ಇಲ್ಲ.

> ಶಿಲ್ಪ ಕಡೆದ ಅಂತಲೂ ಹೇಳ್ತೀವಿ. ಗೊಂದಲ ಆಗಲ್ವಾ? ಪುಸ್ತಕಗಳಲ್ಲಿರುವ ‘ತಿರುಗಣಿ’ಯೇ ಸಾಕು.

ಅದಕ್ಕೇ ‘ತಿರುಗಿಸಿ’ ಅಂತ ಮುಂದೆ ಹಾಕಿದ್ದು. ಪೂರ್ತಿ ಓದಿ ಉತ್ತರಿಸಿದರೆ ಒಳ್ಳೆಯದು. ಬೋರ್ಡಿನ ಮೇಲೆ ಸುಮ್ನೆ ‘ತಿರುಗಣಿ ಕಂಬ’ ಅಂತ ಬರೆದರೆ, ಬಂದವರು ಕಂಬ ತಬ್ಬಿಕೊಂಡು ತಿರುಗುತ್ತಾ ಅಂತ ನೋಡುತ್ತಾರೆ!

ಇನ್ನೊಂದು ಮಾತು. ಇಡೀ ಕಂಬ ಕಡೆದದ್ದಲ್ಲ. ಬುಡದ ಚೌಕ ನೋಡಿ, ಅದು ಉಳಿ ಕೆಲಸ. ಅದರ ಮೇಲಿನ ಗಂಟೆಯಂಥ ಭಾಗ, ಕತ್ತಿನ ಸಪೂರ ಬಳೆಗಳು, ಮೇಲಿನ ದುಂಡು ಹಲಗೆ, ಇವು ಕಡೆದದ್ದು. ಬಳೆಗಳ ಸಂದಿಯಲ್ಲಿ ಉಗುರು ಆಡಿಸಿದರೆ ಗೊತ್ತಾಗುತ್ತದೆ, ಸುತ್ತಲೂ ಒಂದೇ ಆಳ. ಬಳಪದ ಕಲ್ಲಾದ್ದರಿಂದ ಇದು ಸಾಧ್ಯವಾಯಿತು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಬಾದಾಮಿಯ ಮರಳುಗಲ್ಲಿನಲ್ಲಿ ಇಷ್ಟು ನಯ ಬರಲ್ಲ. ಬೋರ್ಡಿನಲ್ಲಿ ಜಾಗ ಇದ್ದರೆ ಕಲ್ಲಿನ ಹೆಸರೂ ಹಾಕಿಸಿ, ಪದಕ್ಕಿಂತ ಅದು ಜಾಸ್ತಿ ಉಪಯೋಗ.

> ಬಸ್ಸು, ರೈಲು ಎಲ್ಲ ನುಂಗಿದ ಭಾಷೆಗೆ ‘ಲೇತ್’ ಭಾರವೇ? ಹುಬ್ಬಳ್ಳಿ ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ‘ಕಡೆದು ಕೊಡಿ’ ಅಂದು ನೋಡಿ.

ವರ್ಕ್‌ಶಾಪಿಗೆ ಹೋದಾಗ ನಾನೂ ಲೇತ್ ಅಂತಲೇ ಅನ್ನುತ್ತೇನೆ. ಅಲ್ಲಿ ಮೋಟರ್ ಇದೆ. 11ನೇ ಶತಮಾನದ ಚಾಲುಕ್ಯರ ಗುಡಿಗೆ ಆ ಪದ ತಗಲಿಸಿದರೆ ಓದುವವನ ಕಣ್ಣಿಗೆ ಬೆಲ್ಟು, ಸ್ವಿಚ್ಚು ಬರುತ್ತವೆ. ಎರವಲು ಬೇಡ ಅಂತ ನಾನು ಎಲ್ಲಿ ಹೇಳಿದೆ? ‘ಗರ್ಭಗುಡಿ’ಯಲ್ಲಿ ಅರ್ಧ ಸಂಸ್ಕೃತ, ಅರ್ಧ ಕನ್ನಡ. ಯಾರಿಗೂ ತೊಂದರೆ ಆಗಿಲ್ಲ. ಮನೆಯಲ್ಲೇ ಪದ ಇದ್ದಾಗ ಯಾಕೆ ಕೈ ಚಾಚಬೇಕು ಅಂತ ಅಷ್ಟೇ.

ಹಾಗಂತ ನವರಂಗ (ಗುಡಿಯ ನಡುಮಂಟಪ), ಜಾಲಂಧ್ರ (ಕಲ್ಲಿನ ಜಾಲರಿ ಕಿಟಕಿ), ಭುವನೇಶ್ವರಿ (ಕೆತ್ತನೆಯ ಒಳಚಾವಣಿ) ಇಂಥವಕ್ಕೂ ಅಚ್ಚಗನ್ನಡ ಹುಡುಕುವ ಕಸರತ್ತು ಇಲ್ಲಿ ಶುರು ಮಾಡಬೇಡಿ. ಪೇಂಟರ್ ಕಾಯುತ್ತಿದ್ದಾನೆ. ಸಾಲು ಹೀಗಿರಲಿ:

‘ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು. ದಯವಿಟ್ಟು ಮುಟ್ಟಬೇಡಿ.’

ಉಗುರು ಆಡಿಸಿ ಅಂದದ್ದು ಈ ಬಳಗಕ್ಕೆ ಮಾತ್ರ.